ಜಾಹೀರಾತಿನ ಪ್ಲಾಟು, ಉತಾರದ ಪ್ಲಾಟು: ಬೆಳಗಾವಿಯ ಆಸ್ತಿ ಜಾಲತಾಣಗಳ ವಿಮರ್ಶೆ

ಮನೆ, ಪ್ಲಾಟು ಮಾರಾಟದ ಜಾಲತಾಣಗಳು ಕೊಳ್ಳುವವರಿಗೆ ಒಂದು ಥರ, ಮೌಲ್ಯಮಾಪಕರಿಗೆ ಇನ್ನೊಂದು ಥರ. ಬ್ಯಾಂಕಿಗೆ ಆಸ್ತಿಯ ಬೆಲೆಯ ವರದಿ ಬರೆಯುವವರಿಗೆ ಬೇಕಾದದ್ದು ಹೋಲಿಕೆಗೆ ನಿಲ್ಲುವ ಆಸ್ತಿ. ಆ ಕೆಲಸಕ್ಕೆ ಬೆಳಗಾವಿಯ ಜಾಹೀರಾತುಗಳಿಗೆ ಐದರಲ್ಲಿ ಎರಡು ಅಂಕ. ಎಲ್ಲಿ ಏನು ಮಾರಾಟಕ್ಕಿದೆ ಎಂಬ ಸುಳಿವು ಬೇಗ ಸಿಗುತ್ತದೆ, ಆ ಎರಡು ಅಂಕ ಅದಕ್ಕೆ. ಉಳಿದದ್ದನ್ನೆಲ್ಲ ಪರೀಕ್ಷಿಸದೆ ವರದಿಗೆ ಎತ್ತಿಕೊಳ್ಳಬಾರದು.

ಅಳತೆಯ ತಪ್ಪು ಬಹುಪಾಲು ಏಕಮಾನದ (ಯೂನಿಟ್ಟಿನ) ತಪ್ಪು. ಉತಾರದಲ್ಲಿ (ಪಹಣಿಯಲ್ಲಿ) ಎಕರೆ-ಗುಂಟೆ, ಸಿಟಿ ಸರ್ವೆಯ ಪ್ರಾಪರ್ಟಿ ಕಾರ್ಡಿನಲ್ಲಿ ಚದರ ಮೀಟರ್, ಮಾತಿನಲ್ಲಿ ಚದರ ಅಡಿ. ಒಂದು ಗುಂಟೆ ಎಂದರೆ 1,089 ಚದರ ಅಡಿ. ಎರಡು ಗುಂಟೆಯನ್ನು ಯಾರೋ 2,400 ಎಂದು ಹಾಕಿದರೆ ನಿಜ 2,178. ಒಟ್ಟು ಬೆಲೆಯನ್ನು ಭಾಗಿಸಿದಾಗ ದರ ಶೇ 9ರಷ್ಟು ಕಡಿಮೆ ಕಾಣುತ್ತದೆ. ಚದರ ಗಜದ ಜಾಗದಲ್ಲಿ ಚದರ ಅಡಿ ಒತ್ತಿದರಂತೂ ಒಂಬತ್ತು ಪಟ್ಟು ಏರುಪೇರು. ಕಾರ್ಡಿನಲ್ಲಿ 111.48 ಚದರ ಮೀಟರ್ ಇದ್ದರೆ ಅದು 30×40 ಅಡಿಯ ಪ್ಲಾಟು, 10.764ರಿಂದ ಗುಣಿಸಿ ನೋಡಿ. ಫ್ಲ್ಯಾಟಾದರೆ ಮೆಟ್ಟಿಲು, ಲಾಬಿಯ ಪಾಲೂ ಸೇರಿದ ಸೂಪರ್ ಬಿಲ್ಟ್‌ಅಪ್ ಅಂಕಿಯನ್ನು ಬದಿಗಿಟ್ಟು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಕಾರ್ಪೆಟ್ ಅಳತೆ ಕೇಳಬೇಕು: ಒಳಗಿನ ಅಡ್ಡಗೋಡೆ ಸೇರುತ್ತದೆ, ಹೊರಗೋಡೆ, ಬಾಲ್ಕನಿ, ತೆರೆದ ಟೆರೇಸು ಸೇರುವುದಿಲ್ಲ.

ಜಾಗದ ಹೆಸರನ್ನು ಹಿಗ್ಗಿಸುವುದು ಇನ್ನೊಂದು ಚಾಳಿ. ಖಾನಾಪುರ ರಸ್ತೆಯ ಪೀರನವಾಡಿ, ಮಚ್ಛೆಯ ಪ್ಲಾಟಿಗೂ 'ತಿಲಕವಾಡಿ ಹತ್ತಿರ' ಎಂದು ಬರೆದರೆ ಹುಡುಕಾಟದಲ್ಲಿ ಅದು ತಿಲಕವಾಡಿಯ ದರಗಳ ಜೊತೆಗೇ ಬಂದು ಕೂರುತ್ತದೆ. ಸ್ಥಳಕ್ಕೆ ಹೋಗಿ ನಿಂತು ಸರ್ಕಾರದ ಭೂನಕ್ಷೆಯ ದಿಶಾಂಕ್ ಆ್ಯಪ್ ತೆರೆದು, ಅದು ತೋರಿಸುವ ಸರ್ವೆ ನಂಬರನ್ನು ಏಜೆಂಟರು ಹೇಳಿದ ನಂಬರಿನೊಂದಿಗೆ ತಾಳೆ ನೋಡಿ. ಫೋನಿನ ಜಿಪಿಎಸ್ ಕೆಲವು ಮೀಟರ್ ಅತ್ತಿತ್ತ ಸರಿಯುವುದರಿಂದ ಬದುವಿನ ಅಂಚಿನಲ್ಲಿ ಅದನ್ನು ನೆಚ್ಚಬೇಡಿ. ಹಳೆ ಊರಿನ ಒಳಗೆ ಸಿಟಿಎಸ್ (ಸಿಟಿ ಸರ್ವೆ) ನಂಬರೇ ಆಧಾರ. ಕ್ಯಾಂಪಿನ ಬಂಗಲೆಗಳನ್ನು ಹೋಲಿಕೆಯಿಂದ ಹೊರಗಿಡುವುದು ಒಳ್ಳೆಯದು. ದಂಡು ಪ್ರದೇಶದ ಜಮೀನಿನ ಹಕ್ಕು ಲೀಸು ಅಥವಾ ಓಲ್ಡ್ ಗ್ರಾಂಟ್ (ನೆಲ ಸರ್ಕಾರದ್ದೇ ಆಗಿ ಉಳಿಯುವ ಹಳೆ ಮಂಜೂರಾತಿ) ಆಗಿರಬಹುದು. ಬಾಗಲಕೋಟೆಯ ನವನಗರದಲ್ಲಿ ಸೆಕ್ಟರ್ ಸಂಖ್ಯೆ ಇರುವುದರಿಂದ ಈ ಗೊಂದಲ ಕಡಿಮೆ, ಆದರೆ ಹಳೆ ಬಾಗಲಕೋಟೆಯಲ್ಲಿ ಆಲಮಟ್ಟಿ ಹಿನ್ನೀರಿನ ಮುಳುಗಡೆ ಅಧಿಸೂಚನೆ ನೋಡದೆ ಮುಂದಕ್ಕೆ ಹೋಗುವಂತಿಲ್ಲ.

ಹೆಚ್ಚು ಹಾನಿ ಮಾಡುವುದು 'ಎನ್‌ಎ ಪ್ಲಾಟು, ಪೇಪರ್ ಕ್ಲಿಯರ್' ಎಂಬ ಒಂದು ಸಾಲು (ಎನ್‌ಎ ಎಂದರೆ ಕೃಷಿಯೇತರ). ಇದಕ್ಕೆ ನಾಲ್ಕು ಕಾಗದ ಕೇಳಿ: ಜಿಲ್ಲಾಧಿಕಾರಿಯ ಭೂಪರಿವರ್ತನೆ ಆದೇಶ, ಬುಡಾ (ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರ) ಮಂಜೂರು ಮಾಡಿದ ವಿನ್ಯಾಸ ನಕ್ಷೆ, ನೋಂದಣಿಯಾದ ಖರೇದಿ ಪತ್ರ, ಖಾತೆ. ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯ) ನಮೂನೆ 9 ಮತ್ತು 11ಎ, ಅಂದರೆ ನಿಯಮದಂತೆ ಮಂಜೂರಾದವು, ಒಂದು ವರ್ಗ; ಅಂಥ ಮಂಜೂರಾತಿ ಇಲ್ಲದ 11ಬಿ ಬೇರೆಯೇ ವರ್ಗ. ಎರಡರ ದರ ಬೆರೆಸಬಾರದು. ಹೊಲವನ್ನು ಗುಂಟೆಗುಂಟೆಯಾಗಿ ಕಡಿದು ಬಾಂಡ್ (ಛಾಪಾ ಕಾಗದ) ಮೇಲೆ ಮಾರಿದ ಪ್ಲಾಟುಗಳೂ ಅದೇ ಪುಟದಲ್ಲಿರುತ್ತವೆ. ಅವಕ್ಕೆ ನೋಂದಣಿ ಇಲ್ಲ, ಬ್ಯಾಂಕ್ ಸಾಲ ಹುಟ್ಟುವುದಿಲ್ಲ, ನಗದು ಇದ್ದವರಷ್ಟೇ ಕೊಳ್ಳುತ್ತಾರೆ. ದರ ಕಡಿಮೆ ಇರುವುದು ಅದಕ್ಕೇ. ಇಂಥದೊಂದನ್ನು ಸರಾಸರಿಗೆ ಸೇರಿಸಿದರೆ ಸರಿಯಾದ ಪ್ಲಾಟಿನ ಬೆಲೆಯೂ ಕೆಳಗೆ ಜಗ್ಗುತ್ತದೆ. 500 ಚದರ ಮೀಟರ್ ಮೀರಿದ ಹೊಸ ಬಡಾವಣೆಯ ಜಾಹೀರಾತಿನಲ್ಲಿ ರೇರಾ ನೋಂದಣಿ ಸಂಖ್ಯೆ ಇಲ್ಲದಿದ್ದರೆ ಅದನ್ನು ಅಲ್ಲಿಗೇ ಬಿಡಿ. ಸುಳ್ಳು ಜಾಹೀರಾತು ನಂಬಿ ದುಡ್ಡು ಕಟ್ಟಿದವರಿಗೆ ಅದೇ ಕಾಯ್ದೆಯ 12ನೇ ಕಲಮು ಪರಿಹಾರ ಕೊಡಿಸುತ್ತದೆ. ಇದು ಎಲ್ಲ ಗ್ರಾಹಕರಿಗೂ ಗೊತ್ತಿರಬೇಕು.

ಮನೆಯ ವಯಸ್ಸನ್ನು ಬಣ್ಣ ನೋಡಿ ಅಂದಾಜಿಸಬೇಡಿ. 60 ವರ್ಷ ಆಯುಷ್ಯ, ಶೇ 10 ಉಳಿಕೆ ಬೆಲೆ ಹಿಡಿದರೆ 10 ವರ್ಷಕ್ಕೆ ಸವಕಳಿ ಶೇ 15, 22 ವರ್ಷಕ್ಕೆ ಶೇ 33. ಈಗ ಕಟ್ಟಲು 30 ಲಕ್ಷ ಬೀಳುವ ಮನೆಗೆ 22ರ ಬದಲು 10 ಎಂದು ಬರೆದರೆ 5.4 ಲಕ್ಷ ಹೆಚ್ಚಾಗಿಬಿಡುತ್ತದೆ. ಕಟ್ಟಡ ಪರವಾನಗಿ, ಮೊದಲ ಕರ ಪಾವತಿ, ಹೆಸ್ಕಾಂ ಸಂಪರ್ಕದ ದಿನಾಂಕ, ಗೂಗಲ್ ಅರ್ಥ್‌ನ ಹಳೆ ಚಿತ್ರಗಳು, ಇವುಗಳಲ್ಲಿ ಎರಡಾದರೂ ಒಂದಕ್ಕೊಂದು ಹೊಂದಬೇಕು.

ಕೊನೆಗೆ ಬೆಲೆ. ತಾಣದಲ್ಲಿರುವುದು ಕೇಳುವ ಬೆಲೆ, ಕುದುರಿದ ಬೆಲೆಯಲ್ಲ. ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಇಸಿ (ಋಣಭಾರ ಪತ್ರ) ತೆಗೆದರೆ ನೋಂದಣಿಯಾದ ಮೊತ್ತ ಕಾಣುತ್ತದೆ. ಅದು ಸರ್ಕಾರ ನಿಗದಿಪಡಿಸಿದ ಮಾರ್ಗಸೂಚಿ ಬೆಲೆಗೆ ಅಂಟಿಕೊಂಡು ನಿಜಕ್ಕಿಂತ ಕೆಳಗಿರಬಹುದು, ಹಾಗಾಗಿ ಎರಡರ ನಡುವೆ ಸ್ಥಳದ ವಿಚಾರಣೆ ಬೇಕೇ ಬೇಕು. ಒಂದೇ ಪ್ಲಾಟನ್ನು ಮೂವರು ಏಜೆಂಟರು ಮೂರು ದರಕ್ಕೆ ಹಾಕಿದ್ದರೆ ಅದು ಒಂದೇ ಹೋಲಿಕೆ. ಫೋಟೊ, ಚಕ್ಕುಬಂದಿ ನೋಡಿದರೆ ಗೊತ್ತಾಗುತ್ತದೆ. ವರದಿಯಲ್ಲಿ ಪುಟದ ಚಿತ್ರ, ನೋಡಿದ ದಿನಾಂಕ, ಫೋನಿನಲ್ಲಿ ಸಿಕ್ಕ ಉತ್ತರ ಇರಲಿ. ಕೈಬಿಟ್ಟ ಜಾಹೀರಾತುಗಳನ್ನೂ ಯಾಕೆ ಬಿಟ್ಟಿರಿ ಎಂದು ಒಂದೊಂದು ಸಾಲಿನಲ್ಲಿ ಬರೆಯಿರಿ.

ಸರ್ವೆ ಅಥವಾ ಸಿಟಿಎಸ್ ನಂಬರು ತುಂಬದೆ ಜಾಹೀರಾತು ಏರದಂತೆ ತಾಣಗಳು ಮಾಡಿದರೆ ಇನ್ನೊಂದು ಅಂಕ ಕೊಡಬಹುದು.