ಸಿಲಿಕೋನ್ ಗ್ರೂಮಿಂಗ್ ಗ್ಲೌ: ನಾಯಿಗೆ ಮೈಯೆಲ್ಲ ಓಕೆ, ಬೆಕ್ಕಿಗೆ ಕೆನ್ನೆ ಮಾತ್ರ

ನಾಯಿ ಬೆಕ್ಕಿನ ಮೈ ಸವರಿ ಉದುರುವ ಕೂದಲು ತೆಗೆಯೋಕೆ ಆನ್‌ಲೈನ್‌ನಲ್ಲಿ 250 ರೂಪಾಯಿಗೆ ತಗೊಂಡ ಗ್ಲೌ, ಅಂದರೆ ಕೈಗವಸು ಇದು. ಜಾಹೀರಾತಿನಲ್ಲಿ ಬರೀ ಉದುರುವ ಕೂದಲಿನ ಮಾತೇ ಇರುತ್ತದೆ. ಕೂದಲು ಬರುತ್ತದೆ, ನಿಜ. ಆದರೆ ನಮ್ಮ ಮನೆಯಲ್ಲಿ ಇದರಿಂದ ಆದ ದೊಡ್ಡ ಅನುಕೂಲ ಬೇರೆ. ನಾಯಿ ಮೇಲೆ ಮುದ್ದು ಬಂದಾಗಲೆಲ್ಲ ಬಿಸ್ಕೆಟ್ ಡಬ್ಬಿಗೆ ಹೋಗುತ್ತಿದ್ದ ಕೈ ಈಗ ಗ್ಲೌ ಹುಡುಕುತ್ತದೆ.

ಅಂಗೈ ಕಡೆ ಸಿಲಿಕೋನಿನ ಸಣ್ಣ ಸಣ್ಣ ಮೊನೆಗಳು, ಹಿಂದೆ ಜಾಲರಿ ಬಟ್ಟೆ, ಮಣಿಕಟ್ಟಿಗೆ ವೆಲ್ಕ್ರೋ ಪಟ್ಟಿ. ಮೊನೆಗಳು ಮೆತ್ತಗಿವೆ, ಚುಚ್ಚುವುದಿಲ್ಲ. ನಮ್ಮ ಕರಿಯ ಬೀದಿಯಿಂದ ಬಂದ ನಾಯಿ, ಗಿಡ್ಡ ಕೂದಲು. ಅವನಿಗೆ ತಂತಿಯ ಬ್ರಷ್ ಕಂಡರೆ ಆಗದು, ಮಂಚದ ಕೆಳಗೆ ಹೋಗಿ ಕೂರುತ್ತಾನೆ. ಇದನ್ನು ಮಾತ್ರ ಕೈ ಅಂತಲೇ ಅಂದುಕೊಂಡಿದ್ದಾನೆ. ಎದೆ, ಭುಜ, ಬೆನ್ನು, ಬಾಲದ ಬುಡ ಎಲ್ಲ ಉಜ್ಜಿಸಿಕೊಳ್ಳುತ್ತಾನೆ. ನಿಲ್ಲಿಸಿದರೆ ಮುಂಗಾಲಿನಿಂದ ನನ್ನ ಕೈ ಎಳೆಯುತ್ತಾನೆ.

ನಿಲ್ಲಿಸಿ ನೋಡುವುದೇ ಮುಖ್ಯ. ನಾಲ್ಕೈದು ಸೆಕೆಂಡ್ ಸವರಿ, ಕೈ ತೆಗೆದು, ಸುಮ್ನೆ ಕಾಯಿರಿ. ನಾಯಿ ಹತ್ತಿರ ಬಂದು ಒರಗಿದರೆ ಇನ್ನೂ ಬೇಕು ಅಂತ. ಮುಖ ಆಚೆ ತಿರುಗಿಸಿದರೆ, ನಿದ್ದೆ ಇಲ್ಲದೆ ಆಕಳಿಸಿದರೆ, ತುಟಿ ನೆಕ್ಕಿಕೊಂಡರೆ ಅಷ್ಟಕ್ಕೇ ಬಿಟ್ಟುಬಿಡಿ. ಮಕ್ಕಳಿಗೆ ನಾಯಿಯ ಕುತ್ತಿಗೆ ತಬ್ಬಿಕೊಂಡು ಮುತ್ತು ಕೊಡುವ ಆಸೆ ಇರುತ್ತದೆ, ಅಲ್ವಾ? ಬಹಳಷ್ಟು ನಾಯಿಗಳಿಗೆ ಆ ಹಿಡಿತ ಇಷ್ಟವಿಲ್ಲ, ತಡೆದುಕೊಂಡಿರುತ್ತವೆ ಅಷ್ಟೆ. ಮುಖದ ಹತ್ತಿರ ಮುಖ ಇಟ್ಟಾಗಲೇ ಕಚ್ಚಿಸಿಕೊಳ್ಳುವ ಅಪಾಯ ಜಾಸ್ತಿ. ದೊಡ್ಡವರು ಪಕ್ಕದಲ್ಲಿ ಕೂತು, ಮಗುವಿನ ಕೈಗೆ ಈ ಗ್ಲೌ ಹಾಕಿ, ನಾಯಿಯ ಎದೆಯನ್ನೋ ಭುಜವನ್ನೋ ಸವರಲು ಹೇಳಿಕೊಡಿ. ಮಗುವಿಗೂ ಒಂದು ಕೆಲಸ ಸಿಕ್ಕ ಖುಷಿ.

ಬೆಕ್ಕಿನ ವಿಷಯ ಪೂರ್ತಿ ಬೇರೆ. ಬೆಕ್ಕಿನ ಕೆನ್ನೆ, ಗದ್ದ, ಕಿವಿಯ ಬುಡದಲ್ಲಿ ವಾಸನೆಯ ಗ್ರಂಥಿಗಳಿವೆ. ಅದು ಬಾಗಿಲಿಗೆ, ನಮ್ಮ ಕಾಲಿಗೆ ಕೆನ್ನೆ ಉಜ್ಜುವುದು ತನ್ನ ವಾಸನೆ ಹಚ್ಚೋಕೆ. ಸವರಿಸಿಕೊಳ್ಳುವುದಕ್ಕೂ ಸಾಮಾನ್ಯವಾಗಿ ಅಲ್ಲೇ ಇಷ್ಟ. ಹೊಟ್ಟೆ ಮುಟ್ಟಿದರೆ ಹೆಚ್ಚಿನ ಬೆಕ್ಕುಗಳಿಗೆ ಸಿಟ್ಟು ಬರುತ್ತದೆ. ಬಾಲದ ಬುಡ ಕೂಡ ಹಲವಕ್ಕೆ ಆಗಿಬರುವುದಿಲ್ಲ. ನಮ್ಮ ಪುಟ್ಟಿ ಮೊದಲು ಗ್ಲೌ ನೋಡಿ ದೂರ ಹೋದಳು. ಆಮೇಲೆ ಅದನ್ನು ಅವಳು ಮಲಗುವ ಬಟ್ಟೆಯ ಮೇಲೆ ಬಿಟ್ಟಿದ್ದೆವು, ತಾನೇ ಬಂದು ಮೂಸಿ, ಕೆನ್ನೆ ಉಜ್ಜಿ ಹೋದಳು. ಈಗ ಕೈ ಚಾಚಿ ಕೂತರೆ ಅವಳೇ ಬಂದು ಕೆನ್ನೆ ಒತ್ತುತ್ತಾಳೆ, ನಾನು ಕೈ ಆಡಿಸುವುದೂ ಬೇಡ. ಬಾಲ ಪಟಪಟ ಬಡಿಯಲು ಶುರುವಾದರೆ, ಬೆನ್ನಿನ ಚರ್ಮ ಅದುರಿದರೆ, ಕಿವಿ ಹಿಂದಕ್ಕೆ ಮಡಚಿದರೆ ಆ ಹೊತ್ತಿಗೆ ಸಾಕು. ಇದನ್ನೆಲ್ಲ ನೋಡದೆ ಸವರುತ್ತಾ ಹೋಗಿ, ಕೊನೆಗೆ ಉಗುರು ತಾಗಿದಾಗ ಬೆಕ್ಕು ಇದ್ದಕ್ಕಿದ್ದಂತೆ ಪರಚಿತು ಅನ್ನುತ್ತಾರೆ. ಪಾಪ, ಅದು ಅಷ್ಟು ಹೊತ್ತು ಹೇಳುತ್ತಲೇ ಇತ್ತು. ಮುಟ್ಟಿಸಿಕೊಳ್ಳುವ ಮನಸ್ಸೇ ಇಲ್ಲದ ದಿನ ದೂರ ಕೂತು ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಿರಿ. ಬೆಕ್ಕುಗಳು ಇದಕ್ಕೆ ಹಾಗೇ ಕಣ್ಣು ಕಿರಿದು ಮಾಡಿ ಉತ್ತರ ಕೊಡುತ್ತವೆ ಅಂತ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ. ಅದಕ್ಕೆ ಗ್ಲೌ ಬೇಡ, ದುಡ್ಡೂ ಬೇಡ.

ತಿಂಡಿಯ ಮಾತಿಗೆ ಬರುತ್ತೇನೆ. ನಮ್ಮ ಅತ್ತೆಯವರಿಗೆ ಕರಿಯ ಅಂದರೆ ಜೀವ. ಸಂಜೆ ಚಹಾಗೆ ಕೂತರೆ ಅವರಿಗೊಂದು ಬಿಸ್ಕೆಟ್, ಅವನಿಗೊಂದು. ದಿನದ ಊಟದಿಂದ ಸಿಗುವ ಶಕ್ತಿಯಲ್ಲಿ (ಕ್ಯಾಲೊರಿಯಲ್ಲಿ) ಮೇಲುತಿಂಡಿಯ ಪಾಲು 10% ದಾಟಬಾರದು ಅನ್ನುವುದು ಪಶುವೈದ್ಯರ ಸಾಮಾನ್ಯ ಲೆಕ್ಕ. ಸಣ್ಣ ನಾಯಿಗೆ ನಾಲ್ಕು ಬಿಸ್ಕೆಟ್‌ನಲ್ಲೇ ಅದು ಮುಗಿಯಬಹುದು. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಹಾಕಿದ ಪಲ್ಯ ಇವಂತೂ ಚೂರೂ ಕೊಡಬಾರದು. ಬೆಳೆದ ಬೆಕ್ಕಿಗೆ ಬಟ್ಟಲು ಹಾಲು ಇಡುವ ಪ್ರೀತಿಯೂ ಬೇಡ. ಹಲವು ಬೆಕ್ಕುಗಳಿಗೆ ಅದು ಜೀರ್ಣವಾಗದೆ ಭೇದಿಯಾಗುತ್ತದೆ. ಈಗ ಅತ್ತೆ ಸಂಜೆ ಗ್ಲೌ ಹಾಕಿಕೊಂಡು ಜಗುಲಿ ಮೇಲೆ ಕೂರುತ್ತಾರೆ, ಕರಿಯ ಅವರ ಕಾಲ ಬಳಿ ಉದ್ದಕ್ಕೆ ಮಲಗುತ್ತಾನೆ. ಬಿಸ್ಕೆಟ್ ಪೂರ್ತಿ ನಿಂತಿಲ್ಲ, ಕಡಿಮೆ ಆಗಿದೆ. ಅಷ್ಟಾದರೂ ದೊಡ್ಡದು ಅನ್ನಿಸುತ್ತದೆ ನನಗೆ.

ಕೊರತೆಗಳೂ ಇವೆ. ವೆಲ್ಕ್ರೋ ಬೇಗ ಸಡಿಲವಾಯಿತು. ಒಂದೇ ಅಳತೆ ಮಾಡಿದ್ದಾರೆ, ಸಣ್ಣ ಕೈಯಲ್ಲಿ ಜಾರುತ್ತದೆ. ತೊಳೆದರೆ ಜಾಲರಿ ಬಟ್ಟೆ ಒಣಗಲು ತುಂಬಾ ಹೊತ್ತು ಬೇಕು, ಮಳೆಗಾಲದಲ್ಲಿ ಮುಗ್ಗಲು ವಾಸನೆ ಬರುತ್ತದೆ, ಫ್ಯಾನ್ ಕೆಳಗೆ ಹಾಕಲೇಬೇಕು. ಇದಕ್ಕಿಂತ ದೊಡ್ಡ ಕೊರತೆ ಅಂದರೆ ಗ್ಲೌ ಹಾಕಿದ ಕೈಗೆ ರಕ್ತ ಹೀರುವ ಉಣ್ಣೆ (ಉಣುಗು) ಸಿಗುವುದಿಲ್ಲ. ಸಿಲಿಕೋನ್ ದಪ್ಪ, ಕೆಳಗೆ ಗಂಟಿದೆಯೋ ಗಾಯವಿದೆಯೋ ಗೊತ್ತಾಗದು. ಅದಕ್ಕೇ ನಾನು ಒಂದು ಕೈಗೆ ಮಾತ್ರ ಹಾಕಿಕೊಂಡು, ಇನ್ನೊಂದು ಬರಿಗೈಯಲ್ಲಿ ಕಿವಿಯ ಒಳಮಡಿಕೆ, ಕಾಲ್ಬೆರಳ ಸಂದಿ, ಕಂಕುಳು, ಕೊರಳಪಟ್ಟಿಯ ಅಡಿ ಎಲ್ಲ ತಡವಿ ನೋಡುತ್ತೇನೆ. ನಮ್ಮ ಕಡೆ ನಾಯಿಗಳಿಗೆ ಉಣ್ಣೆಯಿಂದ ಬರುವ ಜ್ವರ ಸಾಮಾನ್ಯ, ತಡವಾದರೆ ಜೀವಕ್ಕೇ ಕಷ್ಟ. ಉಣ್ಣೆ ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ, ಬೆರಳಲ್ಲಿ ಹಿಸುಕಬೇಡಿ. ಎಷ್ಟೋ ಗಂಟುಗಳು ಮೊದಲು ಗೊತ್ತಾಗುವುದು ಹೀಗೆ ಸವರುವಾಗಲೇ.

ಇನ್ನೊಂದು ಮಾತು. ಒಂದೇ ಗ್ಲೌ ನಾಯಿಗೂ ಬೆಕ್ಕಿಗೂ ಬಳಸಬೇಡಿ. ಹುಳುಕಡ್ಡಿಯಂಥ ಚರ್ಮರೋಗ ಒಂದರಿಂದ ಇನ್ನೊಂದಕ್ಕೆ, ನಮಗೂ ಅಂಟುತ್ತದೆ. ನಾವು ಎರಡು ಬಣ್ಣದವು ಇಟ್ಟುಕೊಂಡಿದ್ದೇವೆ.

ಗಿಡ್ಡ ಕೂದಲಿನ ಬೀದಿ ನಾಯಿ, ಮುಧೋಳ, ಲ್ಯಾಬ್ರಡಾರ್, ನಾಡಬೆಕ್ಕು ಇದ್ದವರು ಕಣ್ಣು ಮುಚ್ಚಿ ತಗೊಳ್ಳಿ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಪರ್ಷಿಯನ್ ಬೆಕ್ಕು, ಶಿಟ್ಸು, ಪೊಮೆರೇನಿಯನ್ ಇದ್ದರೆ ಬೇಡ, ಮೇಲಿನ ಕೂದಲು ಮಾತ್ರ ಬರುತ್ತದೆ, ಒಳಗಿನ ಸಿಕ್ಕು ಹಾಗೇ ಇರುತ್ತದೆ. ಅವಕ್ಕೆ ಅಗಲ ಹಲ್ಲಿನ ಸ್ಟೀಲ್ ಬಾಚಣಿಗೆಯೇ ಸರಿ.