ಈರುಳ್ಳಿ ಪೊರೆಯೋ, ಕೆನ್ನೆಯ ಕೋಶವೋ?

ಬೆಂಗಳೂರಿನ ಶಾಲೆಯ ಲ್ಯಾಬಲ್ಲಿ ಒಂದೇ ಪೀರಿಯಡ್‌ನಲ್ಲಿ ಜೀವಕೋಶ ತೋರಿಸಬೇಕೆಂದರೆ ಈರುಳ್ಳಿಯೇ ವಾಸಿ. ಎಸಳಿನ ಒಳಮೈಯ ತೆಳುಪೊರೆಯನ್ನು ಚಿಮಟದಿಂದ ಎಳೆದು, ತಕ್ಷಣ ನೀರಿಗೆ ಹಾಕಿ. ಒಣಗಿದರೆ ಸುರುಳಿ ಸುತ್ತುತ್ತದೆ. ಸ್ಲೈಡ್ ಮೇಲೆ ಹರಡಿ, ಒಂದು ಹನಿ ಅಯೋಡಿನ್ ಹಾಕಿ, ಕವರ್‌ಸ್ಲಿಪ್ಪನ್ನು ಓರೆಯಾಗಿ ನಿಧಾನಕ್ಕೆ ಇಳಿಸಿ. ದಬಕ್ಕನೆ ಬಿಟ್ಟರೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ದಪ್ಪ ಕಪ್ಪು ಅಂಚಿನ ಆ ವೃತ್ತವನ್ನೇ ಮಕ್ಕಳು ಕೋಶವೆಂದು ಬರೆದುಕೊಳ್ಳುತ್ತಾರೆ! ಕೋಶಭಿತ್ತಿ ಸ್ಪಷ್ಟ. ಕೋಶದೊಳಗಿನ ರಸ ತುಂಬಿದ ದೊಡ್ಡ ಚೀಲ, ಅಂದರೆ ರಸದಾನಿ, ಒತ್ತುವುದರಿಂದ ಕೋಶಕೇಂದ್ರ ಹೆಚ್ಚಾಗಿ ಅಂಚಿನಲ್ಲಿರುತ್ತದೆ.

ಕೆನ್ನೆಯ ಕೋಶಕ್ಕೆ ಬಾಯಿ ಮುಕ್ಕಳಿಸಿ, ಹಲ್ಲುಕಡ್ಡಿಯ ಮೊಂಡು ತುದಿಯಿಂದ ಮೆಲ್ಲಗೆ ಕೆರೆದು, ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಹಾಕಬೇಕು. ಭಿತ್ತಿಯಿಲ್ಲದ್ದರಿಂದ ಆಕಾರ ಅಂಕುಡೊಂಕು, ಕೆಲವು ಮಡಚಿರುತ್ತವೆ. ನೀಲಿ ಕೋಶಕೇಂದ್ರ ಮಾತ್ರ ಚೆನ್ನಾಗಿ ಎದ್ದು ಕಾಣುತ್ತದೆ. ಒಬ್ಬರ ಕಡ್ಡಿ ಇನ್ನೊಬ್ಬರಿಗೆ ಬೇಡ.

ಗಿಡಕ್ಕೆ ಆಹಾರ ತಯಾರಿಸುವ ಹಸಿರು ಹರಿದ್ರೇಣು (ಕ್ಲೋರೋಪ್ಲಾಸ್ಟ್) ಎರಡರಲ್ಲೂ ಇಲ್ಲ. ಅದು ಬೇಕಿದ್ದರೆ ಅಕ್ವೇರಿಯಂ ಅಂಗಡಿಯ ಹೈಡ್ರಿಲಾ ಎಂಬ ನೀರುಗಿಡದ ಎಲೆ ತನ್ನಿ, ಬಣ್ಣ ಹಾಕುವ ಗೋಜಿಲ್ಲ. 40 ಪಟ್ಟಿನ ಆಬ್ಜೆಕ್ಟಿವ್‌ನಲ್ಲಿ ಹರಿದ್ರೇಣುಗಳು ಭಿತ್ತಿಗುಂಟ ಸರಿದಾಡುವುದೂ ಕಾಣಬಹುದು. ಪ್ರೋಟೀನ್ ತಯಾರಿಸುವ ಕಣವಾದ ರೈಬೋಸೋಮ್ ಹುಡುಕಬೇಡಿ: ಅದು ಸುಮಾರು 20-30 ನ್ಯಾನೋಮೀಟರ್, ಬೆಳಕಿನ ಸೂಕ್ಷ್ಮದರ್ಶಕದ ಮಿತಿ 200ರ ಆಸುಪಾಸು.