ಸ್ಕಾಟ್‌ಲ್ಯಾಂಡ್ಸ್‌ಪೀಪಲ್: ಮೊದಲ ದುಡ್ಡು ಮರಣ ದಾಖಲೆಗೆ ಹಾಕಿ

ನನ್ನ ಗಂಡನ ಮನೆಯವರು ಸ್ಕಾಟ್‌ಲ್ಯಾಂಡಿನ ಡಂಡೀ ಊರಿನವರು. ಅತ್ತೆಯ ಕಡೆಯ ಹಿರಿಯರನ್ನು ಹುಡುಕಲು ಕೆಲವು ವರ್ಷಗಳಿಂದ ಸ್ಕಾಟ್‌ಲ್ಯಾಂಡ್ಸ್‌ಪೀಪಲ್ ಎಂಬ ಹಳೆಯ ದಾಖಲೆಗಳ ವೆಬ್ ತಾಣ ಬಳಸುತ್ತಿದ್ದೇನೆ. ಇದು ಸ್ಕಾಟ್‌ಲ್ಯಾಂಡ್ ಸರ್ಕಾರದ್ದೇ. ವರ್ಷದ ಚಂದಾ ಇಲ್ಲ. ಹೆಸರು ಹುಡುಕುವುದು ಪುಕ್ಕಟೆ, ದಾಖಲೆಯ ಮೂಲ ಪುಟದ ಚಿತ್ರ ನೋಡಲು ಮಾತ್ರ ದುಡ್ಡು. ನಾನು ಕೊಂಡಾಗ ಒಂದು ಪುಟಕ್ಕೆ 6 ಕ್ರೆಡಿಟ್ (ತಾಣದಲ್ಲಿ ಮೊದಲೇ ದುಡ್ಡು ಕೊಟ್ಟು ಕೊಳ್ಳುವ ಅಂಕ), ಅಂದರೆ ಒಂದೂವರೆ ಪೌಂಡ್. ಕೊಂಡ ಪುಟ ಖಾತೆಯಲ್ಲೇ ಉಳಿಯುತ್ತದೆ.

ಹೊಸಬರು ಸೀದಾ ಜನಗಣತಿಗೆ ಕೈ ಹಾಕುತ್ತಾರೆ. ಬೇಡ, ಮೊದಲು ಮರಣ ದಾಖಲೆ ತೆಗೆಯಿರಿ. ಸ್ಕಾಟ್‌ಲ್ಯಾಂಡಿನಲ್ಲಿ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ ಶುರುವಾಗಿದ್ದು 1855ರಲ್ಲಿ. ಆಗಿನಿಂದಲೂ ಸತ್ತವರ ತಂದೆ, ತಾಯಿ ಇಬ್ಬರ ಹೆಸರನ್ನೂ ಬರೆಯುತ್ತಾರೆ, ತಾಯಿಯ ತವರಿನ ಹೆಸರು ಸಮೇತ. ಒಂದೇ ಪುಟದಲ್ಲಿ ಒಂದು ತಲೆಮಾರು ಹಿಂದಕ್ಕೆ! ಇಂಗ್ಲೆಂಡಿನ ಆ ಕಾಲದ ಮರಣ ದಾಖಲೆಯಲ್ಲಿ ಈ ಅನುಕೂಲ ಇಲ್ಲ. ಮದುವೆಯಾದ ಹೆಂಗಸರನ್ನು ತವರಿನ ಹೆಸರಲ್ಲೂ ಹುಡುಕಬಹುದು. ಊರ ತುಂಬ ಸ್ಮಿತ್‌, ಮ್ಯಾಕ್‌ಡೊನಾಲ್ಡ್‌ಗಳೇ ಇರುವಾಗ ಅದೇ ದೊಡ್ಡ ಆಸರೆ. ಮಾಹಿತಿ ಕೊಟ್ಟವರು ಯಾರು ಅಂತಲೂ ನೋಡಿ. ಮಗಳಾದರೆ ಸರಿ. ಅಳಿಯನಿಗೆ ಅತ್ತೆಯ ತಾಯಿಯ ಹೆಸರು ಎಲ್ಲಿ ಗೊತ್ತಿರುತ್ತೆ, ಅಲ್ವಾ?

ಜನಗಣತಿ 1841ರಿಂದ 1921ರವರೆಗೆ ಸಿಗುತ್ತದೆ. 1841ರ ವಯಸ್ಸನ್ನು ನೆಚ್ಚಬೇಡಿ. ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಲು ಹೇಳಿದ್ದರು, 34 ಇದ್ದವರು 30 ಆಗಿರುತ್ತಾರೆ. ನನಗೆ ಹಿಡಿಸಿದ್ದು 1911ರದ್ದು. ಅತ್ತೆಯ ಮುತ್ತಜ್ಜಿ ಸೆಣಬಿನ ಗಿರಣಿಯಲ್ಲಿ ನೇಯುತ್ತಿದ್ದರು. ಡಂಡೀಗೆ ಆ ಸೆಣಬು ನಮ್ಮ ಬಂಗಾಳದಿಂದ ಹೋಗುತ್ತಿತ್ತು. ಅವರ ಸಾಲಿನಲ್ಲಿ ಹೀಗಿದೆ: ಹುಟ್ಟಿದ ಮಕ್ಕಳು 9, ಬದುಕಿರುವವರು 5, ಕಿಟಕಿ ಇರುವ ಕೋಣೆ 1. ಅತ್ತೆಗೆ ಇದ್ಯಾವುದೂ ಗೊತ್ತಿರಲಿಲ್ಲ.

ಬೇರೊಂದು ತಾಣದವರು ಮೂಲ ಪುಟ ಓದಿ ಟೈಪ್ ಮಾಡಿದ ಪಟ್ಟಿಯಲ್ಲಿ ಇದೇ ಮುತ್ತಜ್ಜಿಯನ್ನು ಗಂಡಸು ಮಾಡಿದ್ದರು. ಹಾಗಾಗಿ ಮೂಲ ಪುಟ ನೋಡದೆ ಯಾವುದನ್ನೂ ನಂಬುವುದಿಲ್ಲ.

ಇತ್ತೀಚಿನವರ ಪುಟ ಮಾತ್ರ ಮನೆಯಲ್ಲಿ ಕೂತು ನೋಡಲಾಗುವುದಿಲ್ಲ. ಜನನಕ್ಕೆ 100, ಮದುವೆಗೆ 75, ಮರಣಕ್ಕೆ 50 ವರ್ಷ ತುಂಬಿರಬೇಕು. ಅದಕ್ಕಿಂತ ಹೊಸದಕ್ಕೆ ಎಡಿನ್‌ಬರೋದಲ್ಲಿರುವಂಥ ದಾಖಲೆ ಕೇಂದ್ರಕ್ಕೆ ಹೋಗಬೇಕು, ಇಲ್ಲವೇ ಪ್ರಮಾಣಪತ್ರ ತರಿಸಿಕೊಳ್ಳಬೇಕು.

ಇನ್ನೊಂದು ಮಾತು. 1855ರ ಜನನ ದಾಖಲೆಯಲ್ಲಿ ತಂದೆ ತಾಯಿಯ ವಯಸ್ಸು, ಹುಟ್ಟಿದ ಊರು, ಮದುವೆಯ ವಿವರ, ಮೊದಲಿನ ಮಕ್ಕಳ ಲೆಕ್ಕ ಎಲ್ಲಾ ಇದೆ. ಬರೆಯುವವರಿಗೆ ಕೆಲಸ ಜಾಸ್ತಿಯಾಯಿತು ಅಂತ ಮರುವರ್ಷವೇ ಕಡಿತ ಮಾಡಿದರು. ನಿಮ್ಮ ಹಿರಿಯರು ಆ ವರ್ಷ ಹುಟ್ಟದಿದ್ದರೂ ಅವರ ತಮ್ಮನೋ ತಂಗಿಯೋ ಹುಟ್ಟಿದ್ದರೆ, ಸುಮ್ನೆ ಯೋಚಿಸಬೇಡಿ, ಆ ಪುಟ ಕೊಂಡುಬಿಡಿ.